ಅಟ್ಟದ ಮೇಲಿನ ರೆಡ್ ಹ್ಯಾಟ್ ಸಿ.ಡಿ.

ಪ್ರಶ್ನೆ: 1999ರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಗೆಳೆಯನಿಂದ ನಕಲು ಮಾಡಿಸಿಕೊಂಡಿದ್ದ ರೆಡ್ ಹ್ಯಾಟ್ ಲಿನಕ್ಸ್ 6.0 ಎಂಬ ಕಾರ್ಯಾಚರಣ ವ್ಯವಸ್ಥೆಯ ಸಿ.ಡಿ. ಮನೆಯ ಅಟ್ಟದಲ್ಲಿ ಸಿಕ್ಕಿತು. ಅಂದು ಇಡೀ ಭಾನುವಾರ ಹೆಣಗಿದರೂ ಕಪ್ಪು ಪರದೆಯ ಬಿಳಿ ಅಕ್ಷರಗಳಾಚೆ ಏನೂ ಕಾಣಿಸಲಿಲ್ಲ. ತಪ್ಪು ನನ್ನದೇ? ಈಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ತಪ್ಪು ನಿಮ್ಮದಲ್ಲ. ಇಂದಿನ ಮಾನಿಟರ್ ತನ್ನ ಸಾಮರ್ಥ್ಯವೇನೆಂಬುದನ್ನು ತಾನೇ ಕಂಪ್ಯೂಟರಿಗೆ ತಿಳಿಸುತ್ತದೆ, ಕಾರ್ಯಾಚರಣ ವ್ಯವಸ್ಥೆಯೂ ಅದನ್ನು ಕೇಳಿಸಿಕೊಳ್ಳುತ್ತದೆ. ಆಗ ನಮ್ಮ ಮನೆಗಳಲ್ಲಿದ್ದ 14 ಇಂಚಿನ ಮಾನಿಟರುಗಳ ಅಡ್ಡ ಮತ್ತು ಲಂಬ ಆವರ್ತನಗಳನ್ನು (ಸೆಕೆಂಡಿಗೆ ಎಷ್ಟು ಗೆರೆ ಎಳೆದು, ಎಷ್ಟು ಬಾರಿ ಚಿತ್ರ ಬಿಡಿಸಬಲ್ಲವೆಂಬ ಅಂಕಿಗಳನ್ನು) ಮಾತ್ರ ಸಾಮಾನ್ಯವಾಗಿ ನಾವೇ ಗೊತ್ತುಮಾಡಿ ಕೊಡಬೇಕಾಗಿತ್ತು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡವರಲ್ಲಿ ಎಷ್ಟು ಮಂದಿ ಮಾನಿಟರಿನ ಕೈಪಿಡಿಯನ್ನು ಜೋಪಾನವಾಗಿಟ್ಟಿದ್ದರು? ಅಂಕಿ ತಪ್ಪಿದರೆ ಚಿತ್ರಗಳಿರುವ ಪರದೆ ಮೂಡುತ್ತಿರಲಿಲ್ಲ; ಮಾನಿಟರೇ ಕೆಡಬಹುದೆಂಬ ಎಚ್ಚರಿಕೆ ಬೇರೆ ಇತ್ತು. ಅಪ್ಪ ಕಂತಿನಲ್ಲಿ ಕೊಡಿಸಿದ ಯಂತ್ರದ ಮುಂದೆ ಕುಳಿತ ಹುಡುಗನ ಕೈ ನಡುಗಿದ್ದು ಸಹಜವೇ.

ನನ್ನನ್ನು ಕಾಡಿದ್ದು ಮೋಡೆಮ್, ದೂರವಾಣಿ ತಂತಿಯ ಮೂಲಕ ಅಂತರಜಾಲಕ್ಕೆ ಸೇರಿಸುವ ಸಾಧನ. ಯಂತ್ರದೊಳಗೆ ಕೂರಿಸುವ ಅಗ್ಗದ ಮೋಡೆಮ್‌ಗಳು ತಮ್ಮ ಕೆಲಸದ ಬಹುಪಾಲನ್ನು ವಿಂಡೋಸ್‌ಗೆಂದೇ ಬರೆದ ತಂತ್ರಾಂಶಕ್ಕೆ ಬಿಟ್ಟಿದ್ದವು, ಹಾಗಾಗಿ ಲಿನಕ್ಸ್‌ನಲ್ಲಿ ಅವು ಬರಿಯ ತಗಡು. ನನ್ನದೂ ಅದೇ ಜಾತಿಯದೆಂದು ತಿಳಿಯಲು ಮೂರು ವಾರ ಹಿಡಿಯಿತು. ಕೊನೆಗೆ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಮೋಡೆಮ್ಮೊಂದನ್ನು ಎರವಲು ತಂದು, ರಾತ್ರಿ ಹನ್ನೊಂದರ ಮೇಲೆ ಅದರ ಕೀರಲು ದನಿ ಕೇಳಿದಾಗ ಆದ ಸಂತೋಷ ಈಗಲೂ ನೆನಪಿದೆ. ಆ ಮೂರು ವಾರಗಳಲ್ಲಿ ನನ್ನ ಯಂತ್ರದೊಳಗೆ ಏನೇನಿದೆ, ಯಾವುದು ಯಾವುದರೊಡನೆ ಹೇಗೆ ಮಾತಾಡುತ್ತದೆ ಎಂಬುದನ್ನು ಕಲಿತಷ್ಟು ತರಗತಿಯಲ್ಲಿ ನಾನು ಕಲಿಯಲಿಲ್ಲ.

ಈಗ ಓಡಿಸುವ ವಿಚಾರ. ನಕಲು ಮಾಡಿದ ಸಿ.ಡಿ.ಗಳು ಕಾಲಕ್ರಮದಲ್ಲಿ ಕೆಡುತ್ತವೆ, ಆದ್ದರಿಂದ ಮೊದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಅದನ್ನು ಪೂರ್ತಿ ಒಂದು ಕಡತವಾಗಿ ಉಳಿಸಿಕೊಳ್ಳಿ; ಗೀರುಬಿದ್ದ ಜಾಗವನ್ನು ಅದು ಮತ್ತೆ ಮತ್ತೆ ಓದಿ ನೋಡುತ್ತದೆ. ಬಳಿಕ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಅನುಕರಿಸುವ ಕ್ಯೂಎಮು ಎಂಬ ಮುಕ್ತ ತಂತ್ರಾಂಶದಲ್ಲಿ ಹಳೆಯ ಪೆಂಟಿಯಂ ಯಂತ್ರವೊಂದನ್ನು ಕಲ್ಪಿಸಿ, 64 ಎಂ.ಬಿ. ಮೆಮೊರಿ ಮತ್ತು 2 ಜಿ.ಬಿ. ಡಿಸ್ಕ್ ಕೊಡಿ. ಡಿಸ್ಕ್ ಚಿಕ್ಕದಿರಲೆಂದು ಹೇಳಲು ಕಾರಣವಿದೆ: ಲಿನಕ್ಸನ್ನು ಎಬ್ಬಿಸುವ ಅಂದಿನ ಪುಟ್ಟ ತಂತ್ರಾಂಶ ಲೈಲೋ, ಡಿಸ್ಕಿನ 1024ನೆಯ ಸಿಲಿಂಡರಿನಾಚೆ (ಸಿಲಿಂಡರೆಂದರೆ ಡಿಸ್ಕಿನ ಜಾಗದ ಒಂದು ಅಳತೆ) ಇರುವ ಕರ್ನೆಲ್ಲನ್ನು, ಎಂದರೆ ವ್ಯವಸ್ಥೆಯ ತಿರುಳನ್ನು, ಎಬ್ಬಿಸಲಾರದು. ಗ್ರಾಫಿಕ್ಸ್ ಕಾರ್ಡಾಗಿ ಸಿರಸ್ ಲಾಜಿಕ್ ಆರಿಸಿಕೊಳ್ಳಿ, ಪರದೆಯ ಚಿತ್ರಗಳನ್ನು ಮೂಡಿಸುತ್ತಿದ್ದ ಆ ಕಾಲದ ತಂತ್ರಾಂಶ ಎಕ್ಸ್‌ಫ್ರೀ86ಗೆ ಅದರ ಪರಿಚಯವಿದೆ. ಭದ್ರತೆಯ ದೃಷ್ಟಿಯಿಂದ ಅಂತರಜಾಲದ ಸಂಪರ್ಕ ಮಾತ್ರ ಕೊಡಬೇಡಿ.

ಅನುಸ್ಥಾಪನೆಯ ಆ ನೀಲಿ ಪರದೆಗಳು ಒಂದೊಂದಾಗಿ ಬಂದು, ಕೊನೆಯಲ್ಲಿ ಮಾನಿಟರಿನ ಆವರ್ತನವನ್ನು ಕೇಳುತ್ತವೆ. ನಿಮ್ಮ ಭಾನುವಾರ ನಿಂತುಹೋದದ್ದು ಬಹುಶಃ ಅಲ್ಲಿಯೇ. ಈ ಬಾರಿ ಕೆಡುವ ಮಾನಿಟರ್ ಇಲ್ಲ. 800×600ಕ್ಕೆ ಒಗ್ಗುವ ಯಾವುದಾದರೊಂದನ್ನು ಧೈರ್ಯವಾಗಿ ಆರಿಸಿ, ಲಾಗಿನ್ ಆಗಿ, ‘ಸ್ಟಾರ್ಟ್‌ಎಕ್ಸ್’ (startx) ಎಂದು ಟೈಪ್ ಮಾಡಿ. ಚಿತ್ರರೂಪದ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಮೊದಲ ಆವೃತ್ತಿ, ಹೆಜ್ಜೆಗುರುತಿನ ಅದರ ಲಾಂಛನದೊಡನೆ, ಪರದೆಯ ಮೇಲೆ ಮೂಡಬೇಕು.