ಉಜ್ಜಿದರೂ ಹೋಗದ ಬಿಳಿ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಅವಳನ್ನು ಸುಮಾ ಎನ್ನೋಣ. ವಯಸ್ಸು 24, ಚೊಚ್ಚಲ ಹೆರಿಗೆ, ಸಿಸೇರಿಯನ್. ತವರಿನಲ್ಲಿ ಬಾಣಂತನ. ಕೂಸಿಗೆ ಐದು ವಾರ. ಎದೆಹಾಲಿನ ಸಲಹೆಗೆಂದು ಬಂದವಳು ಕೂತ ಕೂಡಲೇ ಕೇಳಿದ್ದು, "ಮೇಡಂ, ಯಾವ ಪೌಡರ್ ಹಾಲು ಒಳ್ಳೇದು?"

ಹಾಲಿಗೇನೂ ಕೊರತೆ ಇರಲಿಲ್ಲ. ನಾಲ್ಕು ದಿನದಿಂದ ಕೂಸು ಮೊಲೆ ಹಿಡಿಯುವುದು, ಬಿಟ್ಟು ಅಳುವುದು. ಇವಳಿಗೋ ಹಾಲೂಡಿಸಿ ಮುಗಿದ ಮೇಲೂ ತೊಟ್ಟಿನಲ್ಲಿ ಉರಿ. ಮಗು ನೋಡಲು ಬಂದವರೊಬ್ಬರು "ನಿನ್ನ ಹಾಲೇ ನಂಜಾಗಿದೆ" ಅಂದು ಹೋಗಿದ್ದರು. ಅದನ್ನು ಹೇಳುವಾಗ ಅವಳ ಗಂಟಲು ಕಟ್ಟಿತು.

ಜೊತೆಗಿದ್ದ ಅವಳ ತಾಯಿ ಚೀಲದಿಂದ ಹಳೇ ಪಂಚೆಯ ತುಂಡೊಂದನ್ನು ತೆಗೆದರು. ದಿನಾ ಬೆಳಿಗ್ಗೆ ಅದನ್ನು ಬೆರಳಿಗೆ ಸುತ್ತಿ, ಜೇನಿನಲ್ಲಿ ಅದ್ದಿ, ಕೂಸಿನ ನಾಲಿಗೆಯ ಮೇಲಿನ ಬಿಳಿಯನ್ನು ಉಜ್ಜುತ್ತಿದ್ದರಂತೆ. ಬಟ್ಟೆಯ ಅಂಚಿನಲ್ಲಿ ಸಾಸಿವೆಕಾಳಿನಷ್ಟು ರಕ್ತದ ಕಲೆ ಇತ್ತು.

ಹಾಲಿನ ಕರೆಯಾಗಿದ್ದರೆ ಒರೆಸಿದರೆ ಹೋಗಬೇಕು, ಅದೂ ಹೆಚ್ಚಾಗಿ ನಾಲಿಗೆಯ ಮೇಲಷ್ಟೇ ಇರುತ್ತದೆ. ಈ ಕೂಸಿಗೆ ಕೆನ್ನೆಯ ಒಳಗೂ ಒಸಡಿನ ಮೇಲೂ ಮೊಸರು ಮೆತ್ತಿದಂತೆ ಬಿಳಿ. ಇದು ಕ್ಯಾಂಡಿಡಾ ಎಂಬ ಯೀಸ್ಟ್‌ನ, ಅಂದರೆ ಒಂದು ಬಗೆಯ ಶಿಲೀಂಧ್ರದ (ಫಂಗಸ್), ಲಕ್ಷಣ. ಕೆರೆದರೆ ಕೆಳಗಿನ ಎಳೆ ಚರ್ಮ ಕಿತ್ತು ರಕ್ತ ಬರುತ್ತದೆ.

ತೊಟ್ಟು ನೋವು ಅಂದ ಕೂಡಲೇ ಯೀಸ್ಟ್ ಎನ್ನುವುದು ಸರಿಯಲ್ಲ. ಬಹಳಷ್ಟು ಸಲ ಮಗು ಮೊಲೆ ಹಿಡಿಯುವ ರೀತಿಯೇ ಕಾರಣ. ಹಾಗಾಗಿ ಮೊದಲು ಅವಳು ಹಾಲೂಡಿಸುವುದನ್ನು ನೋಡಿದೆ. ಹಿಡಿತ ಚೆನ್ನಾಗಿತ್ತು. ತೊಟ್ಟಿನ ಚರ್ಮ ಕೆಂಪಗೆ ಹೊಳೆಯುತ್ತಿತ್ತು, ಸಿಪ್ಪೆ ಏಳುತ್ತಿತ್ತು. ಇಬ್ಬರನ್ನೂ ಅಂದೇ ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ.

"ಹಾಗಾದ್ರೆ ಇದು ನನ್ನ ಬೆರಳಿಂದ ಬಂತಾ?" ಅಜ್ಜಿ ಕೇಳಿದರು. ಈ ಯೀಸ್ಟ್ ಎಷ್ಟೋ ಆರೋಗ್ಯವಂತರ ಬಾಯಲ್ಲಿ, ಕರುಳಲ್ಲಿ, ಚರ್ಮದ ಮೇಲೆ ಇದ್ದೇ ಇರುತ್ತದೆ ಅಂದೆ. ಹೆರಿಗೆಯಲ್ಲೋ, ಎತ್ತಿ ಆಡಿಸುವ ಕೈಗಳಿಂದಲೋ ಕೂಸಿಗೂ ಬರುತ್ತದೆ. ಬಂದು ನೆಲೆಸಿದರೆ ಅದೇ ರೋಗವಲ್ಲ, ಸುಮ್ಮನಿದ್ದರೆ ಔಷಧಿಯೂ ಬೇಡ. ಅದನ್ನು ಅಂಕೆಯಲ್ಲಿಡುವ ಬ್ಯಾಕ್ಟೀರಿಯಾ ಆ್ಯಂಟಿಬಯಾಟಿಕ್‌ನಿಂದ ಕಡಿಮೆಯಾದಾಗ, ಕೂಸಿನ ರೋಗನಿರೋಧಕ ಶಕ್ತಿ ಇನ್ನೂ ಎಳೆಯದಾಗಿದ್ದಾಗ ಅದು ಹಬ್ಬುತ್ತದೆ. ಸುಮಾಗೆ ಆಪರೇಷನ್ ಆದಾಗ ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ಹಾಲು ಕೆಟ್ಟಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಎರಡನೇ ಸಲ ಅವಳು ನನ್ನ ಮುಖ ನೋಡಿದಳು.

ಡಾಕ್ಟರು ಕೂಸಿನ ಬಾಯಿಗೆ ಕ್ಲೋಟ್ರಿಮಝೋಲ್ ಮೌತ್ ಪೇಂಟ್, ತಾಯಿಗೆ ಹಚ್ಚಲು ಕ್ರೀಮ್ ಬರೆದರು. ಇಬ್ಬರಿಗೂ ಒಟ್ಟಿಗೇ ಆಗಬೇಕು, ಇಲ್ಲದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಮತ್ತೆ ಅಂಟುತ್ತದೆ. ಹಾಲು ಕುಡಿಸಿದ ಮೇಲೆ ಔಷಧಿ ಹಚ್ಚಿ, ಬಿಳಿ ಹೋಯಿತೆಂದು ನಡುವೆ ನಿಲ್ಲಿಸಬೇಡಿ, ಡಾಕ್ಟರು ಹೇಳಿದಷ್ಟು ದಿನ ಹಾಕಿ ಅಂದೆ. ಎದೆಹಾಲು ನಿಲ್ಲಿಸುವುದು ಬೇಡ. ಈ ದಿನಗಳಲ್ಲಿ ಹಿಂಡಿದ ಹಾಲನ್ನು ಆಗಲೇ ಕುಡಿಸಲಿ, ಫ್ರೀಜರಿನಲ್ಲಿ ಕೂಡಿಡುವುದು ಬೇಡ. ಫ್ರೀಜ್ ಮಾಡಿದರೆ ಯೀಸ್ಟ್ ಸಾಯುವುದಿಲ್ಲ. ಡೈಪರ್ ಜಾಗದ ಮಡಿಕೆಗಳಲ್ಲಿ ಕಡುಕೆಂಪು, ಸುತ್ತ ಚುಕ್ಕೆ ಚುಕ್ಕೆ ಕಂಡರೆ ಅದನ್ನೂ ಡಾಕ್ಟರಿಗೆ ತೋರಿಸಿ ಎಂದೆ.

ಅಜ್ಜಿಯ ಕೈಯಿಂದ ಪಂಚೆ ಬಿಡಿಸಿ ಸುಮ್ಮನೆ ಕೂರಿಸಲು ನನಗೆ ಮನಸ್ಸಾಗಲಿಲ್ಲ, ಐದು ವಾರದಿಂದ ರಾತ್ರಿ ಎದ್ದವರು ಅವರು. ಒಳಲೆ, ನಿಪ್ಪಲ್ ಕುದಿಸುವುದು, ಒದ್ದೆ ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುವುದು ಅವರ ಪಾಲಿಗೆ ಬಂತು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದೆ. ಜ್ವರ ಬಂದರೆ, ಕೂಸು ಮಂಕಾದರೆ, ಹಾಲು ಪೂರ್ತಿ ಬಿಟ್ಟರೆ ಕಾಯಬೇಡಿ. ತಿಂಗಳು ತುಂಬದೆ ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸುಗಳಿಗೆ ಇದೇ ಯೀಸ್ಟ್ ರಕ್ತಕ್ಕಿಳಿದು ಜೀವಕ್ಕೇ ಅಪಾಯ ತರಬಲ್ಲದು. ಈ ಕೂಸು ತಿಂಗಳು ತುಂಬಿ ಹುಟ್ಟಿತ್ತು, ತೂಕವೂ ಏರುತ್ತಿತ್ತು.

ಹತ್ತನೇ ದಿನ ಫೋನ್ ಮಾಡಿದವರು ಅಜ್ಜಿ. ಬಾಯಿ ಸ್ವಚ್ಛವಾಗಿದೆ, ಮಗಳು ಪೌಡರಿನ ಮಾತೇ ಎತ್ತುತ್ತಿಲ್ಲ ಅಂದರು. ಆಮೇಲೆ ದನಿ ತಗ್ಗಿಸಿ, "ನಾಮಕರಣದ ದಿನ ಒಂದು ಹನಿ ಜೇನು ನೆಕ್ಕಿಸಬಹುದಾ?"

"ಬೇಡ ಅಮ್ಮಾ, ತುಟಿಗೂ ಬೇಡ. ಜೇನಿನಲ್ಲಿ ಬಾಟುಲಿಸಂ ಅನ್ನೋ, ಕೂಸುಗಳಿಗೆ ಅಪಾಯದ ರೋಗದ ಬೀಜಾಣು ಇರಬಹುದು. ವರ್ಷ ತುಂಬಲಿ."

"ಸರಿ, ಬರೀ ಹಾಲೇ ಇರಲಿ ಬಿಡು," ಅಂದರು.