ಒಳಾಂಗಣ ಪ್ರಶ್ನೋತ್ತರ: ಬಣ್ಣದ ಡಬ್ಬಿ ತೆರೆಯುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಮನೆಗಳಿಗಿಂತ ಗುಡಿ, ಮಸೀದಿ, ಮಠ, ಸಮುದಾಯ ಭವನಗಳದ್ದೇ ಮೇಲುಗೈ. ಅಡುಗೆಮನೆಯ ಕಪಾಟಿನ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ನಮ್ಮೂರಿನ ಈಶ್ವರ ದೇವಸ್ಥಾನ ಹಳೆಯ ಕಲ್ಲಿನ ಕಟ್ಟಡ. ನವರಂಗದ (ಗರ್ಭಗುಡಿಯ ಮುಂದಿನ ಮಂಟಪದ) ನಾಲ್ಕು ಕಂಬಗಳಿಗೆ ಹಿಂದೆ ಯಾರೋ ಹಸಿರು ಆಯಿಲ್ ಪೇಂಟ್ ಬಳಿಸಿದ್ದಾರೆ. ಈಗ ದಾನಿಗಳೊಬ್ಬರು ಗರ್ಭಗುಡಿಯ ಒಳಗೋಡೆಗೆ ಟೈಲ್ಸ್, ನೆಲಕ್ಕೆ ಗ್ರಾನೈಟ್, ಕಂಬಗಳಿಗೆ ಚಿನ್ನದ ಬಣ್ಣ ಮಾಡಿಸಿಕೊಡಲು ಮುಂದೆ ಬಂದಿದ್ದಾರೆ. ಯಾವ ಬಣ್ಣದ ಟೈಲ್ಸ್ ಹೊಂದುತ್ತದೆ ಎಂದು ತಿಳಿಸಿ.
– ದೇವಸ್ಥಾನ ಸಮಿತಿಯ ಸದಸ್ಯರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಯಾವ ಬಣ್ಣದ ಟೈಲ್ಸೂ ಹೊಂದುವುದಿಲ್ಲ. ಹೀಗೆ ನೇರವಾಗಿ ಹೇಳಿದ್ದಕ್ಕೆ ಸಮಿತಿಯ ಹಿರಿಯರು ಬೇಸರಿಸಬಾರದು. ಕೆಲಸ ಶುರುವಾಗುವ ಮೊದಲೇ ಕೇಳಿದಿರಲ್ಲ, ಅಷ್ಟಕ್ಕೇ ನಿಮಗೆ ಅರ್ಧ ಪುಣ್ಯ ಬಂದಿದೆ. ಸಾಮಾನ್ಯವಾಗಿ ನನಗೆ ಪತ್ರ ಬರುವುದು ಟೈಲ್ಸ್ ಉಬ್ಬಿ ಉದುರಿದ ಮೇಲೆ.

ಗರ್ಭಗುಡಿಯಲ್ಲಿ ದಿನವೂ ಅಭಿಷೇಕದ ನೀರು ಬೀಳುತ್ತದೆ. ಗಾಳಿ ಬರುವುದು ಒಂದೇ ಬಾಗಿಲಿನಿಂದ. ಕಲ್ಲಿನ ಸಂದುಗಳೂ ಗಾರೆಯೂ ಹೀರಿಕೊಂಡ ತೇವ ಗೋಡೆಯ ಮೈಯಿಂದಲೇ ನಿಧಾನವಾಗಿ ಆರಿಹೋಗಬೇಕು. ಆ ಮೈಗೆ ಸಿಮೆಂಟ್ ಮೆತ್ತಿ ಟೈಲ್ಸ್ ಅಂಟಿಸಿದರೆ ತೇವಕ್ಕೆ ದಾರಿ ಕಟ್ಟಿದಂತೆ. ನೀರಿನ ಜೊತೆ ಬಂದ ಉಪ್ಪು ಟೈಲ್ಸಿನ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನು ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಫಳಫಳ. ಒಳಗೆ ಏನಾಗುತ್ತಿದೆ ಎಂದು ತಿಳಿಯುವುದು ಟೈಲ್ಸ್ ಕಳಚಿ ಬಿದ್ದ ದಿನ.

ನೆಲಕ್ಕೆ ಕಲ್ಲು ಹಾಸಲೇಬೇಕಾದರೆ ಹಾಸಿ, ಆದರೆ ಹೊಳಪು ಕೊಟ್ಟ ಗ್ರಾನೈಟ್ ಬೇಡ. ಎಣ್ಣೆ, ನೀರು, ಹೂವಿನ ಎಸಳು ಮೂರೂ ಬೀಳುವ ನೆಲದ ಮೇಲೆ ಬರಿಗಾಲಿನ ಅಜ್ಜಿಯರು ನಡೆಯುತ್ತಾರೆ. ಅದೇ ಕಲ್ಲನ್ನು ಹೊಳಪು ಕೊಡದೆ ಒರಟಾಗಿಯೇ ಬಿಡಿಸಿ ತರಿಸಿ, ಬೆಲೆಯೂ ಕಡಿಮೆ. ಹಳೆಯ ಚಪ್ಪಡಿಗಳು ಗಟ್ಟಿಯಾಗಿದ್ದರೆ ಎತ್ತಿ ಮಟ್ಟ ಮಾಡಿ ಮತ್ತೆ ಕೂರಿಸುವುದು ಎಲ್ಲಕ್ಕಿಂತ ಉತ್ತಮ. ಹಳೆಯ ನೆಲದ ಮೇಲೇ ಹೊಸ ನೆಲ ಹಾಸಿದರೆ ಹೊಸ್ತಿಲು ಹೂತುಹೋಗುತ್ತದೆ, ಕಂಬದ ಪೀಠ ಮುಚ್ಚುತ್ತದೆ, ಅಭಿಷೇಕದ ನೀರು ಹೊರಹೋಗುವ ದಾರಿಯ ಮಟ್ಟವೂ ತಪ್ಪುತ್ತದೆ.

ಇನ್ನು ಕಂಬ. ಸಮಿತಿಯವರೆಲ್ಲ ಒಂದು ದಿನ ಬಿಡುವು ಮಾಡಿಕೊಂಡು ಹರಿಹರಕ್ಕೆ ಹೋಗಿಬನ್ನಿ. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆ ಮೆದುತನವನ್ನು ಬಳಸಿಕೊಂಡೇ ಕಂಬಗಳನ್ನು ತಿರುಗಣೆಯಲ್ಲಿ ಕಡೆದು ಬಳೆ ಬಳೆಯಾಗಿ ಏರಿಳಿತ ತಂದಿದ್ದಾರೆ. ಬೆಳಿಗ್ಗೆಯ ಓರೆ ಬೆಳಕು ಮಂಟಪಕ್ಕೆ ಬಂದಾಗ ಪ್ರತಿ ಬಳೆಯ ಕೆಳಗೂ ಒಂದು ಗೆರೆ ನೆರಳು ಬೀಳುತ್ತದೆ. ಆ ಕಂಬದ ಅಲಂಕಾರವೆಂದರೆ ಆ ನೆರಳೇ. ಅದರ ಮೇಲೆ ಚಿನ್ನದ ಬಣ್ಣ ಬಳಿದರೆ ನೆರಳೂ ಹೋಗುತ್ತದೆ, ಕಲ್ಲೂ ಹೋಗುತ್ತದೆ. ಉಳಿಯುವುದು ಮದುವೆ ಸೆಟ್ಟಿನ ಪ್ಲಾಸ್ಟಿಕ್ ಕಂಬ. ನಿಮ್ಮ ಗುಡಿಯದು ಚಿತ್ರದುರ್ಗದ ಕೋಟೆಯಲ್ಲಿರುವಂತಹ ಕಣಶಿಲೆಯೇ (ಗ್ರಾನೈಟ್) ಆಗಿದ್ದರೂ ಮಾತು ಅದೇ. ಆ ಒರಟು ಕಲ್ಲಿಗೆ ಅದರದೇ ಗಾಂಭೀರ್ಯವಿದೆ.

ಈಗಿರುವ ಹಸಿರು ಬಣ್ಣ ತೆಗೆಸಬಹುದು, ಅವಸರದಿಂದಲ್ಲ. ಮರಳು ಸಿಡಿಸುವ ಯಂತ್ರ, ಆ್ಯಸಿಡ್, ಗ್ರೈಂಡರ್ ಈ ಮೂರನ್ನು ಗುಡಿಯ ಹೊಸ್ತಿಲು ದಾಟಿಸಬೇಡಿ. ಬಣ್ಣದ ಜೊತೆ ಶಿಲ್ಪದ ಮೂಗು, ಬೆರಳು, ಶಾಸನದ ಅಕ್ಷರಗಳೂ ಸವೆದುಹೋಗುತ್ತವೆ. ಕಲ್ಲಿನ ಸಂರಕ್ಷಣೆ ಬಲ್ಲವರಿಂದ ಮೊದಲು ಯಾರಿಗೂ ಕಾಣದ ಮೂಲೆಯಲ್ಲಿ ಅಂಗೈ ಅಗಲ ತೆಗೆಸಿ ನೋಡಿ. ಅದಕ್ಕೂ ಮುನ್ನ ನಿಮ್ಮ ದೇವಸ್ಥಾನ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆಯೇ ಎಂದು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಪಟ್ಟಿಯಲ್ಲಿದ್ದರೆ ಅನುಮತಿಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಕೇಂದ್ರದ ರಕ್ಷಣೆಯಲ್ಲಿದ್ದರಂತೂ ಸುತ್ತಲಿನ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಒಪ್ಪಿಗೆ ಬೇಕು. ಮುಜರಾಯಿಗೆ ಸೇರಿದ್ದರೆ ಆ ಕಚೇರಿಗೂ ಒಂದು ಅರ್ಜಿ ಕೊಡಿ.

ನೀವು ಕೇಳದ ಒಂದು ವಿಷಯ: ಒಳಛಾವಣಿ. ಸುಣ್ಣ ಬಳಿಯುವವರು ಕೆಲಸ ಶುರು ಮಾಡುವುದೇ ಮೇಲಿನಿಂದ. ಹಿರಿಯೂರಿನ ತೇರುಮಲ್ಲೇಶ್ವರ ದೇವಸ್ಥಾನದ ಒಳಛಾವಣಿಯಲ್ಲಿ ಪುರಾಣದ ವರ್ಣಚಿತ್ರಗಳಿವೆ. ತುಮಕೂರಿನಿಂದ ಶಿರಾ ಕಡೆಗೆ ಬರುವ ಹೆದ್ದಾರಿಯಲ್ಲಿ ಸಿಗುವ ಸೀಬಿಯ ನರಸಿಂಹ ದೇವಸ್ಥಾನದಲ್ಲೂ ಇವೆ. ಅಂಥ ಚಿತ್ರಗಳು ದೀಪದ ಮಸಿಯ ಕೆಳಗೋ ಹಳೆಯ ಸುಣ್ಣದ ಕೆಳಗೋ ಅಡಗಿರಬಹುದು. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಛಾವಣಿಯ ಮೈಗೆ ಓರೆಯಾಗಿ ಹಿಡಿದು ನೋಡಿ. ಗೆರೆಯೋ ಬಣ್ಣದ ಚುಕ್ಕೆಯೋ ಕಂಡರೆ ಕೈಯಿಂದ ಉಜ್ಜಬೇಡಿ, ಒದ್ದೆ ಬಟ್ಟೆಯನ್ನಂತೂ ಮುಟ್ಟಿಸಬೇಡಿ.

ದಾನಿಗಳಿಗೆ ಏನು ಹೇಳುವುದು? ಅವರ ಮನಸ್ಸು ನೋಯದಂತೆ ಬೇರೆ ದಾರಿ ತೋರಿಸಿ. ಛಾವಣಿಯ ಮೇಲಿನ ಗಿಡಗಂಟಿ ತೆಗೆಸಿ, ಕಲ್ಲಿನ ಸಂದುಗಳಿಗೆ ಸುಣ್ಣದ ಗಾರೆ ತುಂಬಿಸಿ ಸೋರಿಕೆ ನಿಲ್ಲಿಸುವುದು ಮೊದಲ ಕೆಲಸ. ಕೊಂಚ ಹಣ ಉಳಿದರೆ ಹಿತ್ತಾಳೆಯ ಒಂದು ಒಳ್ಳೆಯ ತೂಗುದೀಪ, ಒಂದು ಪ್ರಭಾವಳಿ. ವಿದ್ಯುತ್ ದೀಪಗಳನ್ನು ತೊಲೆಗಳ ಹಿಂದೆ ಕಣ್ಣಿಗೆ ಬೀಳದಂತೆ ಕೂರಿಸಿ. ಹಳದಿ ಬೆಳಕೇ ಇರಲಿ, ವೈರನ್ನು ಕಲ್ಲು ಕೊರೆದು ಎಳೆಯದೆ ಸಂದಿನ ಗುಂಟ ಒಯ್ಯಲಿ. ಗರ್ಭಗುಡಿಗೆ ಎಣ್ಣೆ ದೀಪ ಸಾಕು. ಕತ್ತಲೆಯೂ ಅಲ್ಲಿನ ಅಲಂಕಾರದ ಭಾಗ. ಇನ್ನು ದಾನಿಗಳ ಹೆಸರು: ಹಳೆಯ ಕಾಲದವರು ಶಾಸನವನ್ನು ಕಲ್ಲಿನಲ್ಲಿ ಕೆತ್ತಿಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಹಾಗೆಯೇ ಮಾಡಿ. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಹೆಸರು ಬರೆಸುವ ಪದ್ಧತಿ ನನಗೆ ಇಂದಿಗೂ ಅರ್ಥವಾಗಿಲ್ಲ. ತಿರುಗುವಾಗ ಓದಲಾಗುವುದಿಲ್ಲ, ನಿಂತಾಗ ಓದುವಷ್ಟು ಹೊತ್ತು ಸೆಖೆಯಲ್ಲಿ ಯಾರೂ ಕೂರುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ರಂಗಮಂದಿರದ ವೇದಿಕೆಯ ಹಿಂಗೋಡೆಯ ಮೇಲೆ ಮಕ್ಕಳಿಂದ ಚಿತ್ರದುರ್ಗದ ಕೋಟೆಯ ದೊಡ್ಡ ಚಿತ್ರ ಬರೆಸಬೇಕೆಂದಿದ್ದೇವೆ. ಯಾವ ಬಣ್ಣ ಬಾಳಿಕೆ ಬರುತ್ತದೆ?
– ಚಿತ್ರಕಲಾ ಶಿಕ್ಷಕರು, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ಚಿತ್ರ ಬೇಕು, ಗೋಡೆ ಅದಲ್ಲ. ಅಲ್ಲಿ ಕೋಟೆ ಬರೆಸಿದರೆ ಇನ್ನು ಮುಂದೆ ಹರಿಶ್ಚಂದ್ರನ ಸ್ಮಶಾನವೂ, ಶಕುಂತಲೆಯ ಆಶ್ರಮವೂ, ವಾರ್ಷಿಕೋತ್ಸವದ ಭಾಷಣವೂ ಏಳು ಸುತ್ತಿನ ಕೋಟೆಯೊಳಗೇ ನಡೆಯಬೇಕಾಗುತ್ತದೆ. ದಾವಣಗೆರೆಯಲ್ಲಿ ಬಿಡಾರ ಹೂಡಿ ನಾಟಕ ಆಡಿದ ಕಂಪನಿಗಳವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅರಮನೆ, ಕಾಡು, ಬೀದಿ ಎಲ್ಲವನ್ನೂ ಅವರು ಬರೆಸಿದ್ದು ಬಟ್ಟೆಯ ಪರದೆಗಳ ಮೇಲೆ; ದೃಶ್ಯ ಮುಗಿದರೆ ಸುರುಳಿ ಸುತ್ತಿ ಮೇಲೇರಿಸುತ್ತಿದ್ದರು. ನೀವೂ ಕೋಟೆಯನ್ನು ದಪ್ಪ ಕಾಡಾ ಬಟ್ಟೆಯ ಮೇಲೆ ಬರೆಸಿ, ಮೇಲೂ ಕೆಳಗೂ ಬಿದಿರಿನ ಗಳು ಕಟ್ಟಿಸಿ. ಹಿಂಗೋಡೆಗೆ ಹೊಳಪಿಲ್ಲದ ಬೂದು ಅಥವಾ ಮಾಸಲು ನೀಲಿ ಸಾಕು. ಮುಂದೆ ನಿಂತ ಮಗುವಿನ ಮುಖ ಎದ್ದು ಕಾಣುತ್ತದೆ. ಗೋಡೆಯ ಮೇಲೇ ಬರೆಯಬೇಕೆಂದು ಮಕ್ಕಳು ಹಟ ಹಿಡಿದರೆ ಮೊಗಸಾಲೆಯ ಗೋಡೆ ಬಿಟ್ಟುಕೊಡಿ, ಓಬವ್ವನನ್ನು ಅಲ್ಲಿಯೇ ನಿಲ್ಲಿಸಲಿ.

ಪ್ರಶ್ನೆ: ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಮೈಕಿನಲ್ಲಿ ಮಾತನಾಡಿದ್ದು ಒಂದೂ ತಿಳಿಯುವುದಿಲ್ಲ, ಬರೀ ಗುಂಯ್ ಎನ್ನುತ್ತದೆ. ಮೊಟ್ಟೆಯ ಟ್ರೇ ಅಂಟಿಸಿದರೆ ಸರಿಹೋಗುತ್ತದೆ ಎಂದು ಒಬ್ಬರು, ಥರ್ಮಾಕೋಲ್ ಎಂದು ಇನ್ನೊಬ್ಬರು ಹೇಳುತ್ತಾರೆ. ಅಂದವಾಗಿಯೂ ಇರಬೇಕು, ಖರ್ಚೂ ಕಡಿಮೆಯಾಗಬೇಕು.
– ನಿವಾಸಿಗಳ ಸಂಘ, ದಾವಣಗೆರೆ

ಉತ್ತರ: ಮೊಟ್ಟೆಯ ಟ್ರೇ ಮೊಟ್ಟೆಗೇ ಇರಲಿ. ಮಾತಿನ ಗದ್ದಲವನ್ನು ಹೀರಿಕೊಳ್ಳುವಷ್ಟು ದಪ್ಪ ಅದಕ್ಕಿಲ್ಲ. ಥರ್ಮಾಕೋಲ್ ಇನ್ನೂ ಕೆಟ್ಟದ್ದು. ಒಂದು ಕಿಡಿ ತಗುಲಿದರೆ ಕರಗಿ ಉರಿಯುತ್ತಾ ಜನರ ಮೇಲೆ ತೊಟ್ಟಿಕ್ಕುತ್ತದೆ. ಮದುವೆಗೆ ಬಾಡಿಗೆ ಕೊಡುವ ಭವನದಲ್ಲಿ ಹೋಮಕುಂಡವೂ ಇರುತ್ತದೆ ಎಂಬುದನ್ನು ಮರೆಯಬೇಡಿ.

ನಿಮ್ಮ ಭವನದ ನೆಲ ಟೈಲ್ಸ್, ಗೋಡೆ ನುಣುಪು ಪೇಂಟ್, ಮೇಲೆ ಶೀಟ್ ಎಂದು ಬರೆದಿದ್ದೀರಿ. ಇವುಗಳಲ್ಲಿ ಯಾವುದೂ ದನಿಯನ್ನು ಹೀರುವುದಿಲ್ಲ. ಒಂದು ಮಾತು ಆರುವ ಮುನ್ನ ಅದರ ಮೇಲೆ ಇನ್ನೊಂದು ಮಾತು ಬಂದು ಬೀಳುತ್ತದೆ. ಖಾಲಿ ಭವನದ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ ಕೇಳಿ, ಅದು ಎಷ್ಟು ಹೊತ್ತು ಎಳೆಯುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಮೈಕಿನ ದನಿ ಏರಿಸಿದಷ್ಟೂ ಗೊಂದಲ ಏರುತ್ತದೆ.

ಮದ್ದು ನಮ್ಮ ಸೀಮೆಯಲ್ಲೇ ನೇಯುತ್ತಾರೆ: ಚಳ್ಳಕೆರೆಯ ಕಂಬಳಿ. ಕುರಿಯ ಉಣ್ಣೆ ದನಿಯನ್ನು ಚೆನ್ನಾಗಿ ಹೀರುತ್ತದೆ, ಸುಲಭವಾಗಿ ಬೆಂಕಿಯನ್ನೂ ಹಿಡಿಯುವುದಿಲ್ಲ. ವೇದಿಕೆಗೆ ಎದುರಾದ ಹಿಂಗೋಡೆಯಿಂದ ಶುರು ಮಾಡಿ, ಏಕೆಂದರೆ ದನಿ ನೇರವಾಗಿ ಬಡಿದು ವಾಪಸಾಗುವುದು ಅಲ್ಲಿಂದ. ಮರದ ಚೌಕಟ್ಟು ಮಾಡಿಸಿ, ಎರಡು ಪದರ ಕಂಬಳಿ ಬಿಗಿಸಿ, ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಸಂದು ಬಿಟ್ಟು ನಿಲ್ಲಿಸಿ. ಆ ಸಂದೇ ಅರ್ಧ ಕೆಲಸ ಮಾಡುತ್ತದೆ. ಆಮೇಲೆ ಎರಡೂ ಪಕ್ಕದ ಗೋಡೆಗಳಲ್ಲಿ ಒಂದು ಬಿಟ್ಟು ಒಂದು ಅಂಕಣಕ್ಕೆ ಹೀಗೇ ಮಾಡಿ. ಕರಿ ಕಂಬಳಿ, ಬಿಳಿ ಕಂಬಳಿ, ಅಂಚಿನ ಗೆರೆಗಳನ್ನು ಹೊಂದಿಸಿದರೆ ಬೇರೆ ಅಲಂಕಾರವೇ ಬೇಡ. ಕಂಬಳಿ ಎಂದೊಡನೆ ಮೂಗು ಮುರಿಯುವವರು ಸಂಘದಲ್ಲಿ ಇದ್ದೇ ಇರುತ್ತಾರೆ. ದೇವರ ಕಾರ್ಯಕ್ಕೆ ಕಂಬಳಿ ಗದ್ದಿಗೆ ಹಾಸುವ ನಾಡಿದು ಎಂದು ಅವರಿಗೆ ನೆನಪಿಸಿ. ನುಸಿ ಹಿಡಿಯದಂತೆ ವರ್ಷಕ್ಕೊಮ್ಮೆ ಚೌಕಟ್ಟು ಬಿಚ್ಚಿ ಬಿಸಿಲಿಗೆ ಹಾಕಬೇಕು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ.

ವೇದಿಕೆಯ ಎರಡು ದೊಡ್ಡ ಧ್ವನಿಪೆಟ್ಟಿಗೆಗಳ ಬದಲು ಗೋಡೆಯುದ್ದಕ್ಕೂ ಸಣ್ಣವನ್ನು ಹಂಚಿ, ದನಿ ತಗ್ಗಿಸಿ ಇಡಿ. ಇನ್ನೊಂದು: ನೀವು ಕಳಿಸಿದ ಫೋಟೋದಲ್ಲಿ ವೇದಿಕೆಯ ಹಿಂದೆ ಫ್ಲೆಕ್ಸ್ ಇದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ 2016ರಲ್ಲೇ ನಿಷೇಧವಾಗಿದೆ. ಬಾಳೆಕಂದು, ಮಾವಿನ ತೋರಣ, ಒಂದು ಮಡಿಕೆ ಬಟ್ಟೆಯ ಪರದೆ ಕಟ್ಟಿದರೆ ವೇದಿಕೆಗೂ ಕಳೆ, ಕಿವಿಗೂ ಹಿತ.

ಪ್ರಶ್ನೆ: ನಮ್ಮ ಮೊಹಲ್ಲಾದ ಮಸೀದಿಯನ್ನು ವಿಸ್ತರಿಸುತ್ತಿದ್ದೇವೆ. ಪಶ್ಚಿಮದ ಗೋಡೆಗೆ ಬಣ್ಣದ ಗಾಜಿನ ದೊಡ್ಡ ಕಿಟಕಿಗಳನ್ನು ಇಟ್ಟು, ಸುತ್ತ ಬಳ್ಳಿಯ ನಕಾಶೆ ಮಾಡಿಸುವ ಯೋಚನೆಯಿದೆ. ಹೇಗಿರುತ್ತದೆ?
– ಜಮಾತಿನ ಸದಸ್ಯರು, ಹರಿಹರ

ಉತ್ತರ: ಅಣ್ಣಾವರೇ, ನಮ್ಮ ಊರುಗಳಿಂದ ಮೆಕ್ಕಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದಂತೆ. ಅಂದರೆ ನಮಾಜಿಗೆ ಮುಖ ಮಾಡಿ ನಿಲ್ಲುವ ನಿಮ್ಮ ಕಿಬ್ಲಾ ಗೋಡೆ ಇಳಿಹೊತ್ತಿನ ಬಿಸಿಲು ನೇರವಾಗಿ ಬಡಿಯುವ ಗೋಡೆ. ಅಲ್ಲಿ ದೊಡ್ಡ ಕಿಟಕಿ ಇಟ್ಟರೆ ಇಳಿಹೊತ್ತಿನ ಅಸರ್ ನಮಾಜಿಗೆ ನಿಂತವರ ಕಣ್ಣಿಗೆ ಸೂರ್ಯ ಹೊಡೆಯುತ್ತಾನೆ. ಬಣ್ಣದ ಗಾಜಾದರೆ ನೀಲಿ ಕೆಂಪು ತುಣುಕುಗಳು ನಮಾಜಿಗೆ ನಿಂತವರ ಸಾಲಿನ (ಸಫ್ಫಿನ) ಮೇಲೆಲ್ಲ ಹರಿದಾಡುತ್ತವೆ. ಬೆಳಕನ್ನು ಉತ್ತರದ ಗೋಡೆಯಿಂದ ತನ್ನಿ. ದಕ್ಷಿಣದಿಂದಲೂ ಬೇಕಾದರೆ ಮೇಲೆ ಸಜ್ಜೆ ಇರಲಿ, ಗಾಜಿನ ಬದಲು ಜಾಲಿ ಇರಲಿ. ಜಾಲಿಯ ವಿನ್ಯಾಸ ದಿನವಿಡೀ ನೆಲದ ಮೇಲೆ ನೆರಳಾಗಿ ಬೀಳುತ್ತದೆ, ಗಾಳಿಯೂ ಆಡುತ್ತದೆ.

ಕಿಬ್ಲಾ ಗೋಡೆಯಲ್ಲಿ ಮಿಹ್ರಾಬಿನ (ಮೆಕ್ಕಾದ ದಿಕ್ಕು ತೋರುವ ಗೂಡಿನ) ಕಮಾನು ಒಂದೇ ಎದ್ದು ಕಾಣಲಿ. ನಿಂತವರ, ಕುಳಿತವರ ಕಣ್ಣಿನ ಮಟ್ಟದಲ್ಲಿ ಗೋಡೆ ಖಾಲಿಯಿದ್ದಷ್ಟೂ ಪ್ರಾರ್ಥನೆಗೆ ಒಳ್ಳೆಯದು. ಬಳ್ಳಿ, ಬರಹಗಳನ್ನು ಅದಕ್ಕಿಂತ ಮೇಲೆ ಒಂದು ಪಟ್ಟಿಯಾಗಿ ಓಡಿಸಿ. ಮೇಸ್ತ್ರಿಯನ್ನು ಕರೆದುಕೊಂಡು ಸಂತೇಬೆನ್ನೂರಿಗೆ ಹೋಗಿ ಬನ್ನಿ. ಪುಷ್ಕರಣಿಯ ನಡುವಿನ ವಸಂತ ಮಂಟಪವನ್ನು ಎಲ್ಲರೂ ನೋಡುತ್ತಾರೆ, ದಡದ ಮುಸಾಫಿರ್‌ಖಾನೆಯೊಳಗೆ, ಅಂದರೆ ಪ್ರಯಾಣಿಕರ ತಂಗುದಾಣದೊಳಗೆ, ಹೋಗುವವರು ಕಡಿಮೆ. ಅಲ್ಲಿ ಕಮಾನಿನ ಹಿಂದೆ ಕಮಾನು ಬರುವ ಬಗೆಯನ್ನು ಮೇಸ್ತ್ರಿ ಒಮ್ಮೆ ಕಣ್ಣಾರೆ ನೋಡಲಿ. ನಿಮಗೆ ಬೇಕಾದ ಅಳತೆ, ಪ್ರಮಾಣ ಕ್ಯಾಟಲಾಗಿನಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನಮ್ಮೂರ ಮಠದ ದಾಸೋಹದ ಕೋಣೆ ಹಳೆಯ ಕಲ್ಲು-ಮಣ್ಣಿನ ಗೋಡೆಯದು. ಪ್ರತಿವರ್ಷ ಜಾತ್ರೆಗೆ ಡಿಸ್ಟೆಂಪರ್ ಹೊಡೆಸುತ್ತೇವೆ. ಮೊಣಕಾಲಿನ ಮಟ್ಟದವರೆಗೆ ಬಣ್ಣ ಹೊಪ್ಪಳಿಕೆಯಾಗಿ ಊಟದ ಎಲೆಗೆ ಉದುರುತ್ತದೆ. ಶಾಶ್ವತ ಪರಿಹಾರ ಹೇಳಿ.
– ಓದುಗಿ, ಚಳ್ಳಕೆರೆ ತಾಲ್ಲೂಕು

ಉತ್ತರ: ತಂಗೀ, ಶಾಶ್ವತ ಎಂಬುದನ್ನು ಮಠದವರೇ ಹೇಳಬೇಕು, ನನ್ನದೇನಿದ್ದರೂ ಸುಣ್ಣ. ಊರಿನ ಸಿಮೆಂಟ್ ಅಂಗಡಿಯವರು ನನಗೆ ಸುಣ್ಣದ ಮೇಡಂ ಎಂದೇ ಹೆಸರಿಟ್ಟಿದ್ದಾರೆ, ಇರಲಿ. ನೆಲದ ತೇವ ಗೋಡೆಯೊಳಗೆ ಏರುತ್ತದೆ. ಬಣ್ಣದ ಪೊರೆ ಅದನ್ನು ಹೊರಬಿಡದಿದ್ದಾಗ ಪೊರೆಯನ್ನೇ ತಳ್ಳಿಕೊಂಡು ಬರುತ್ತದೆ. ಮೊದಲು ಹೊರಗೆ ನೋಡಿ: ಮಾಳಿಗೆಯ ದೋಣಿಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಕೈ ತೊಳೆಯುವ ಜಾಗ ಅಲ್ಲೇ ಇದೆಯೇ? ಅದನ್ನು ದೂರ ಸಾಗಿಸಿ. ಬುಡಕ್ಕೆ ಸಿಮೆಂಟ್ ಪಟ್ಟಿ ಹೊಡೆದಿದ್ದರೆ ಕೀಳಿಸಿ, ಸುಣ್ಣದ ಗಾರೆ ಮಾಡಿಸಿ.

ಹಳೆಯ ಡಿಸ್ಟೆಂಪರನ್ನು ಪೂರ್ತಿ ಕೆರೆದು ತೆಗೆಸಿ, ಅದರ ಮೇಲೆ ಸುಣ್ಣ ಹಿಡಿಯುವುದಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಅರಳಿದ್ದನ್ನು ಕೆಲವು ದಿನ ನೆನೆಯಲು ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ, ತುಸು ಗೋಂದು, ಚಿಟಿಕೆ ನೀಲಿ ಬೆರೆಸಿ. ಗೋಡೆಗೆ ನೀರು ಚಿಮುಕಿಸಿ ಹಾಲಿನಷ್ಟು ತೆಳುವಾಗಿ ಬಳಿಸಿ. ಬಳಿದಾಗ ಏನೂ ಕಾಣುವುದಿಲ್ಲ, ಒಣಗುತ್ತಾ ಬಿಳುಪೇರುತ್ತದೆ. ಗಟ್ಟಿಯಾಗಿ ಒಂದೇ ಸಲ ಬಳಿದರೆ ಬಿರಿಯುತ್ತದೆ. ತೆಳುವಾಗಿ ಮೂರು ಸಲ ಬಳಿಯಲಿ, ಒಂದು ಒಣಗಿದ ಮೇಲೆ ಇನ್ನೊಂದು. ಕುಳಿತವರ ಬೆನ್ನು ತಾಗುವ ಎತ್ತರದವರೆಗೆ ಕೆಮ್ಮಣ್ಣಿನ ಕಾರಣೆ ಎಳೆಸಿ. ಕಲೆ ಕಾಣುವುದಿಲ್ಲ, ಬಿಳಿ ಅಂಗಿಯವರ ಗೊಣಗಾಟವಂತೂ ಇರುತ್ತದೆ. ಅವರಿಗಾಗಿ ಕೆಮ್ಮಣ್ಣಿಗೂ ಒಂದಿಷ್ಟು ಗೋಂದು ಬೆರೆಸಿ. ಜಾತ್ರೆಗೆ ಕನಿಷ್ಠ ಎರಡು ವಾರ ಮುಂಚೆ ಕೆಲಸ ಮುಗಿದಿರಲಿ.