ಪಾರ್ಕಿಂಗ್ ಜಾಗದ ಡಾಂಬರಿಗೆ ಸೀಲ್ ಕೋಟ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಪಾರ್ಕಿಂಗ್ ಜಾಗದ ಪ್ರಶ್ನೆನ ಜಾಸ್ತಿ ಇದ್ವು. ಮಳಿಗಾಲ ಮುಗದ ಮ್ಯಾಲೆ ತಗ್ಗು ಬಿರುಕು ಎಲ್ಲಾ ಎದ್ದು ಕಾಣ್ತಾವು, ಅದಕ್ಕ ಎಲ್ಲಾನೂ ಕೂಡಿಸಿ ಒಂದ ಕಡೆ ಬರ್ಯಾಕತ್ತೀನಿ. ಸೀಲ್ ಕೋಟ್ ಅಂದ್ರ ಹಾಕಿದ ಡಾಂಬರ್ ಮ್ಯಾಲೆ ಹೊಡಿಯೂ ಬಿಟುಮಿನ್ನಿನ (ಖಡಿ ಹಿಡದ ಇಡೂ ಕರೀ ಅಂಟಿನ) ತೆಳ್ಳನ ಪದರ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಿಗೆ ನಾಲ್ಕು ವರ್ಷದ ಹಿಂದ ಡಾಂಬರ್ ಹಾಕ್ಸಿದ್ವಿ. ಈಗ ಬೂದಿ ಬಣ್ಣ ಆಗೇತಿ, ಕಸಾ ಹೊಡಿಯೂ ಅಕ್ಕಾರು ದಿನಾ ಸಣ್ಣ ಖಡಿ ಬರ್ತಾವು ಅಂತಾರ. ಕಮಿಟಿಯೊಳಗ ಅರ್ಧ ಮಂದಿ ಸೀಲ್ ಕೋಟ್ ಮಾಡ್ಸೋಣು ಅಂತಾರ, ಅರ್ಧ ಮಂದಿ ಇನ್ನೆರಡು ವರ್ಷ ಬಿಟ್ಟು ಹೊಸಾದ ಹಾಕ್ಸೋಣು ಅಂತಾರ. ಏನ್ ಮಾಡೂದು? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಕಾಯಬ್ಯಾಡ್ರಿ. 100 ಕೆಜಿ ಡಾಂಬರ್ ಮಾಲಿನೊಳಗ ಬಿಟುಮಿನ್ ಇರೂದು ಸುಮಾರು 5 ಕೆಜಿ ಅಷ್ಟ, ಉಳಿದದ್ದೆಲ್ಲಾ ಖಡಿ ಮತ್ತ ಪುಡಿ, ಆ 5 ಕೆಜಿನ ಎಲ್ಲಾನೂ ಹಿಡದ ಇಟ್ಟಿರತೈತಿ. ಬಿಸಲು ಮತ್ತ ಗಾಳಿ ಕೂಡಿ ಅದರೊಳಗಿನ ಎಣ್ಣಿ ಅಂಶ ಒಣಗಿಸ್ತಾವು, ಬಿಟುಮಿನ್ ಪೆಡಸಾಗಿ ಖಡಿ ಮ್ಯಾಲಿನ ಪದರ ಸವೀತೈತಿ, ಅದಕ್ಕ ಬೂದಿ ಬಣ್ಣ, ಅದಕ್ಕ ಖಡಿ ಕಿತ್ತು ಬರೂದು. ಭಾಳ ಮಂದಿ ರೋಡಿಗಿಂತ ಪಾರ್ಕಿಂಗ್ ಜಾಸ್ತಿ ವರ್ಷ ಬಾಳತೈತಿ ಅಂದ್ಕೋತಾರ, ಗಾಡಿ ಓಡಾಟ ಕಡಿಮಿ ಅಲ್ಲಾ ಅಂತ. ಆದ್ರ ಗಾಡಿ ಓಡಾಡೂ ಕಡೆ ಗಾಲಿ ತುಳದು ತುಳದು ಮ್ಯಾಲಿನ ಪದರ ಬಿಗಿಯಾಗಿರತೈತಿ, ಸುಮ್ನ ಬಿಸಲಿಗೆ ಬಿದ್ದ ಜಾಗ ಲಗೂನ ಒಣಗತೈತಿ. ನಿಮ್ಮ ಮೂಲ್ಯಾಗ ಯಾರೂ ಗಾಡಿ ನಿಲ್ಲಸದ ಜಾಗ ನೋಡ್ರಿ, ಅಲ್ಲೇ ಹೆಚ್ಚು ಹಾಳಾಗಿರತೈತಿ.

ಒಂದು ತಂಬಿಗಿ ನೀರ ಸುರುವಿ ನೋಡ್ರಿ. ನೀರ ಮ್ಯಾಲೆ ನಿಂತು ಹರದು ಹೋದ್ರ ಇನ್ನೂ ಟೈಮ್ ಐತಿ, ನೋಡ್ತಾ ನೋಡ್ತಾ ಒಳಗ ಇಳದು ಕರೀ ಕಲೆ ಉಳಿದ್ರ ಮೇಲ್ಮೈ ಬಾಯಿ ಬಿಟ್ಟೈತಿ ಅಂತ ಅರ್ಥ. ಆಮ್ಯಾಲೆ ಸ್ಕ್ರೂಡ್ರೈವರ್ ತುದಿಯಿಂದ ಕೆದರ್ರಿ, ಮ್ಯಾಲಿನ ಸಣ್ಣ ಕಾಳು ಅಷ್ಟ ಉದರಿ ಕೆಳಗ ಗಟ್ಟಿ ಹತ್ತಿದ್ರ ಸೀಲ್ ಕೋಟಿಗೆ ಇದ ತಕ್ಕ ಹೊತ್ತು. ಸೀಲ್ ಕೋಟ್ ಅನ್ನೂದು ಛಲೋ ಇರೂ ಡಾಂಬರನ್ನ ಛಲೋನ ಇಡಾಕ, ಸತ್ತಿದ್ದನ್ನ ಎಬ್ಬಿಸಾಕ ಅಲ್ಲ. ಇನ್ನೆರಡು ವರ್ಷ ಬಿಟ್ರ ನೀರ ಬುಡಕ್ಕ ಇಳದು ಕಿತ್ತು ಹಾಕೂ ಖರ್ಚ ಬರತೈತಿ, ಅದು ಕೋಟಿನ ಖರ್ಚಿಗಿಂತ ಭಾಳ ದೊಡ್ಡದು. ಒಮ್ಮೆ ಹಾಕ್ಸಿದ ಮ್ಯಾಲೆ ಸುಮಾರು ಮೂರು ವರ್ಷಕ್ಕೊಮ್ಮೆ ಸಾಕು, ವರ್ಷಾ ವರ್ಷಾ ಹಾಕಿದ್ರ ಪದರ ದಪ್ಪಾಗಿ ತಾನ ಬಿರುಕು ಬಿಟ್ಟು ಏಳತೈತಿ. ಹಂಗ ಹೊಸಾ ಡಾಂಬರ್ ಹಾಕಿದ ಮೊದಲ ಆರು ತಿಂಗಳು ಕೋಟ್ ಬ್ಯಾಡ.

ಪ್ರಶ್ನೆ: ನಮ್ಮದು ಎರಿ ಭೂಮಿ. ಅಂಗಡಿ ಮುಂದಿನ ಪಾರ್ಕಿಂಗಿನಾಗ ಮೊಸಳಿ ಬೆನ್ನಿನಂಗ ಬಲಿ ಬಲಿ ಬಿರುಕು ಬಿಟ್ಟೈತಿ. ಗುತ್ತಿಗೆದಾರರು ಎರಡು ಕೋಟ್ ಹೊಡದ್ರ ಎಲ್ಲಾ ಮುಚ್ಚಿ ಹೋಗತೈತಿ ಅಂತಾರ. ಖರೇನ? (ಗದಗ)

ಉತ್ತರ: ಖರೆ ಅಲ್ರಿ, ಕಣ್ಣಿಗೆ ಮುಚ್ಚತೈತಿ, ಒಂದು ಮಳಿಗಾಲದಾಗ ಹೊಳ್ಳಿ ಎದ್ದ ಬರತೈತಿ. ಕೋಟಿನ ಪದರ ಒಂದೆರಡು ಮಿಲಿಮೀಟರ್ ದಪ್ಪ ಸೈತ ಇರೂದಿಲ್ಲ, ಭಾರ ಹೊರೂ ಶಕ್ತಿ ಅದಕ್ಕ ಇಲ್ಲ. ಬಲಿ ಬಿರುಕು ಬಂತು ಅಂದ್ರ ಬ್ಯಾನಿ ಕೆಳಗ ಐತಿ. ಎರಿಮಣ್ಣು ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ, ಬ್ಯಾಸಗ್ಯಾಗ ನಿಮ್ಮ ಹೊಲದಾಗ ಕೈ ಇಳಿಯುವಷ್ಟು ಬಿರುಕು ಬಿಡೂದು ನೀವ ನೋಡಿರ್ತೀರಿ, ಅದ ಮಣ್ಣ ಡಾಂಬರಿನ ಕೆಳಗೂ ಐತಿ. ಆ ಜಾಗ ಅಷ್ಟ ಚೌಕಾಗಿ ಕತ್ತರಿಸಿ ತೆಗಸ್ರಿ, ಹಸಿ ಎರಿಮಣ್ಣ ಒಂದೂವರಿ ಅಡಿ ಆದ್ರೂ ತೆಗದು ಗರಸು ಹಾಕಿ ಪದರ ಪದರಾಗಿ ರೋಲರ್ ಹೊಡಸ್ರಿ, ಮ್ಯಾಲೆ ಖಡಿ, ಆಮ್ಯಾಲೆ ಡಾಂಬರ್. ಕೋಟಿನ ಮಾತು ಅದಾದ ಮ್ಯಾಲೆ.

ಅದಕ್ಕೂ ಮೊದಲ ನೀರ ಎಲ್ಲಿಂದ ಬರ್ತೈತಿ ನೋಡ್ರಿ. ಮಾಳಗಿ ಮ್ಯಾಲಿನ ನೀರಿನ ಪೈಪ್ ಸೀದಾ ಪಾರ್ಕಿಂಗಿಗೆ ಬಿಟ್ಟಿರ್ತಾರ, ಇಲ್ಲಾ ಅಂಚಿಗೆ ಹೂವಿನ ಗಿಡಾ ಹಚ್ಚಿ ದಿನಾ ನೀರ ಹಾಕ್ತಾರ, ಆ ನೀರ ಎಲ್ಲಾ ಬುಡಕ್ಕನ ಹೋಗೂದು. ಇಳಿಜಾರು 10 ಅಡಿಗೆ ಎರಡೂವರಿ ಇಂಚಿನ ಹತ್ರ ಇರಬೇಕು, ಅದಿಲ್ಲಂದ್ರ ಯಾವ ಕೋಟೂ ತಡಿಯೂದಿಲ್ಲ. ಒಂಟಿ ಗೆರಿ ಬಿರುಕು ಮಾತ್ರ ಬ್ಯಾರೆ: 6 ಮಿಲಿಮೀಟರ್‌ಗಿಂತ ಅಗಲ ಇದ್ರ ಒಳಗಿನ ಧೂಳಾ ಹುಲ್ಲಾ ಊದಿ ತೆಗದು ರಬ್ಬರ್ ಬೆರಸಿದ ಬಿಸಿ ಬಿಟುಮಿನ್ ತುಂಬಸ್ರಿ, ಕೂದಲೆಳಿ ಬಿರುಕು ಇದ್ರ ಕೋಟ್ ತಾನ ತುಂಬತೈತಿ.

ಪ್ರಶ್ನೆ: ಕಲ್ಯಾಣ ಮಂಟಪದ ಪಾರ್ಕಿಂಗ್ ನಮ್ಮದು. ಸೀಲ್ ಕೋಟ್ ಮಾಡ್ಸಿ ಎರಡು ವರ್ಷ ಆಗಿಲ್ಲ, ಅಲ್ಲಲ್ಲಿ ತಗ್ಗು ಬಿದ್ದಾವು. ಮಾಲ್ ಖರಾಬ್ ಇತ್ತೇನು? (ಧಾರವಾಡ)

ಉತ್ತರ: ಮಾಲಿಗಿಂತ ಮೊದಲ ಪೆಂಡಾಲ್ ಗೂಟ ನೋಡ್ರಿ. ಪ್ರತಿ ಮದುವಿಗೆ ಶಾಮಿಯಾನಾದವರು ಕಬ್ಬಿಣದ ಗೂಟ ಬಡದು ಮುಂಜಾನೆ ಕಿತ್ಕೊಂಡು ಹೋಗ್ತಾರ, ಆ ತೂತು ಯಾರೂ ಮುಚ್ಚೂದಿಲ್ಲ, ಧಾರವಾಡದ ಜಿಟಿ ಜಿಟಿ ಮಳಿ ದಿನಗಟ್ಟಲೆ ಅದರೊಳಗ ಇಳೀತೈತಿ. ಗೂಟ ಬಡಿಯೂ ಜಾಗಕ್ಕ ಕಾಂಕ್ರೀಟಿನೊಳಗ ಕಬ್ಬಿಣದ ಪೈಪ್ ಹೂತು ಮುಚ್ಚಳ ಇಟ್ಟುಬಿಡ್ರಿ, ಕಂಬ ಅದರೊಳಗ ಇಳಸ್ತಾರ. ಅಡಗಿ ಒಲಿ ಡಾಂಬರ್ ಮ್ಯಾಲೆ ಹೂಡಾಕ ಬಿಡಬ್ಯಾಡ್ರಿ. ಹೋಳಿ ಹುಣ್ಣಿಮಿಗೆ ಕಾಮಣ್ಣನ ಸುಡೂದೂ ಹಂಗ, ಕೆಳಗ ದಪ್ಪಾಗಿ ಮಣ್ಣ ಹಾಸಿ ಮಾಡ್ರಿ, ಇಲ್ಲಂದ್ರ ಬಿಟುಮಿನ್ ಸುಟ್ಟು ಬರೇ ಖಡಿ ಉಳೀತೈತಿ. ಜನರೇಟರ್ ಕೆಳಗ ತಗಡಿನ ತಟ್ಟಿ ಇಡ್ರಿ, ಡೀಸೆಲ್ ಹನಿ ಡಾಂಬರಿಗೆ ಭಾಳ ಕೆಟ್ಟದ್ದು.

ಪ್ರಶ್ನೆ: ಮೆಣಸಿನಕಾಯಿ ಲಾರಿ ನಿಲ್ಲೂ ಜಾಗ ಐತ್ರಿ ನಮ್ಮದು. ಗ್ಯಾರೇಜಿನ ಸುಟ್ಟ ಇಂಜಿನ್ ಆಯಿಲ್ ಪುಕ್ಕಟೆ ಸಿಗತೈತಿ, ಅದನ್ನ ಹೊಡದ್ರ ಕರ್ರಗ ಆಗತೈತಿ, ಸೀಲ್ ಕೋಟ್ ಬ್ಯಾಡ ಅಂತಾರ. (ಬ್ಯಾಡಗಿ, ಹಾವೇರಿ ಜಿಲ್ಲಾ)

ಉತ್ತರ: ದಯಮಾಡಿ ಹೊಡಿಬ್ಯಾಡ್ರಿ ಅಣ್ಣಾರ. ಬಿಟುಮಿನ್ ಕಚ್ಚಾ ತೈಲದಿಂದ ಬಂದದ್ದು, ಆಯಿಲ್, ಡೀಸೆಲ್, ಪೆಟ್ರೋಲ್ ಎಲ್ಲಾ ಅದ ಕುಲ, ಒಂದಕ್ಕೊಂದು ಕರಗಸ್ತಾವು. ಒಂದು ವಾರ ಕರ್ರಗ ಕಾಣತೈತಿ, ಆಮ್ಯಾಲೆ ನೆಲ ಮೆತ್ತಗಾಗಿ ಲಾರಿ ಗಾಲಿ ತಿರುಗಿದಲ್ಲೆಲ್ಲಾ ಖಡಿ ಏಳತೈತಿ, ಮಳಿ ಬಂದ್ರ ಆ ಎಣ್ಣಿ ಎಲ್ಲಾ ಚರಂಡಿಗೆ ಹೋಗಿ ಕೆರಿ ಸೇರತೈತಿ. ಈಗಾಗಲೇ ಬಿದ್ದ ಹನಿಗೆ ಕಟಗಿ ಹೊಟ್ಟು ಹಾಕಿ ಹೀರಸ್ರಿ, ಸೋಪಿನ ಪುಡಿ ಹಾಕಿ ಗಟ್ಟಿ ಬ್ರಶ್ಶಿನಿಂದ ತಿಕ್ಕಿ ತೊಳೀರಿ, ಬೆರಳಿಗೆ ಮೆತ್ತಗ ಹತ್ತಿದ್ರ ಆ ಜಾಗ ಕತ್ತರಿಸಿ ಹೊಸಾದ ಹಾಕ್ಸಬೇಕು, ಎಣ್ಣಿ ಮ್ಯಾಲೆ ಕೋಟ್ ಹಿಡಿಯೂದಿಲ್ಲ.

ಪೆಟ್ರೋಲಿಗೆ ಜಗ್ಗದ ಕೋಟ್ ಅಂತ ಕೋಲ್ ಟಾರ್ (ಕಲ್ಲಿದ್ದಲಿನಿಂದ ಬರೂ ಟಾರ್) ಮಾಲ್ ತೋರಿಸಿದ್ರೂ ನಾ ಬ್ಯಾಡ ಅಂತೀನಿ. ಅದರೊಳಗ ಕ್ಯಾನ್ಸರ್ ತರೂ ಅಂಶ ಅದಾವು, ಸವದ ಧೂಳು ಚಪ್ಪಲಿಗೆ ಹತ್ತಿ ಮನಿಯೊಳಗ ಬರತೈತಿ. ಅಮೆರಿಕದ ಆಸ್ಟಿನ್ ಊರಾಗ 2006ರಾಗ ಅದನ್ನ ನಿಷೇಧ ಮಾಡಿದ್ರು, ವಾಷಿಂಗ್ಟನ್ ರಾಜ್ಯದವರು 2011ರಾಗ ಕಾನೂನು ತಂದ್ರು. ಇನ್ನ ಲೋಡ್ ಲಾರಿ ದಿನಾ ನಿಂತಲ್ಲೇ ತಿರುಗೂ ಜಾಗ ಇದ್ರ ಅಷ್ಟಕ್ಕ ಕಾಂಕ್ರೀಟ್ ಹಾಕ್ಸೂದ ಶಾಣ್ಯಾತನ.

ಪ್ರಶ್ನೆ: ಶೋರೂಮ್ ಮುಂದ 30 ಮೀಟರ್ ಉದ್ದ, 20 ಮೀಟರ್ ಅಗಲ ಪಾರ್ಕಿಂಗ್ ಐತಿ. ಯಾವ ತಿಂಗಳು ಮಾಡ್ಸೂದು, ಮಾಲ್ ಎಷ್ಟು ಬೇಕು, ಎಷ್ಟು ದಿನ ಬಂದ್ ಇಡಬೇಕು? (ಗೋಕುಲ ರೋಡ್, ಹುಬ್ಬಳ್ಳಿ)

ಉತ್ತರ: ದೀಪಾವಳಿ ಆಗಿ ಹಿಂಗಾರಿ ಮಳಿ ನಿಂತ ಮ್ಯಾಲಿಂದ ಶಿವರಾತ್ರಿ ತನಕ ಛಲೋ ಕಾಲ. ಏಪ್ರಿಲ್-ಮೇ ಬ್ಯಾಡ, ಸಂಜಿಗೆ ಅಡ್ಡಮಳಿ ಬಂದು ಹಸಿ ಕೋಟ್ ತೊಳಕೊಂಡು ಹೋಗತೈತಿ, ಕಾದ ನೆಲದ ಮ್ಯಾಲೆ ಎಮಲ್ಷನ್ ಹರಡೂಕ್ಕಿಂತ ಮೊದಲ ಒಡೀತೈತಿ, ಅಂದ್ರ ನೀರ ಮತ್ತ ಬಿಟುಮಿನ್ ಬ್ಯಾರೆ ಬ್ಯಾರೆ ಆಗತಾವು. ಎಮಲ್ಷನ್ ಅಂದ್ರ ಕೋಟಿಗೆ ಹೊಡಿಯೂ ಮಾಲು, ಅದರಾಗ ನೀರಿನೊಳಗ ಬಿಟುಮಿನ್ ಸಣ್ಣ ಸಣ್ಣ ಹನಿಯಾಗಿ ತೇಲಾಡತಿರತೈತಿ, ಹಾಕುವಾಗ ಕಂದು ಬಣ್ಣ, ನೀರ ಆರಿದಂಗ ಕರ್ರಗ ಆಗತೈತಿ. ಕಂದು ಹೋಗಿ ಪೂರ್ತಿ ಕರ್ರಗ ಆಗೂ ತನಕ ಎರಡನೇ ಕೈ ಹೊಡಸಬ್ಯಾಡ್ರಿ.

ನಿಮ್ಮದು 600 ಚದರ ಮೀಟರ್. ಎರಡೂ ಕೈ ಕೂಡಿ ಚದರ ಮೀಟರಿಗೆ ಒಂದು ಲೀಟರ್ ಹಿಡದ್ರ 200 ಲೀಟರಿನ ಮೂರು ಡ್ರಮ್. ಡ್ರಮ್ ನಿಮ್ಮ ಮುಂದ ಒಡಸ್ರಿ, ಮ್ಯಾಲೆ ಐಎಸ್ 8887 (ಎಮಲ್ಷನ್ನಿನ ಭಾರತೀಯ ಮಾನದಂಡದ ನಂಬರ್) ಬರದದ್ದು ನೋಡ್ರಿ, ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ನೀರ ಬೆರಸಾಕ ಬಿಡಬ್ಯಾಡ್ರಿ, ಮೋಸ ಆಗೂದು ಅಲ್ಲೇ. ಸಣ್ಣ ಉಸುಕು ಬೆರಸಾಕ ಹೇಳ್ರಿ, ಇಲ್ಲಂದ್ರ ಮಳಿಯಾಗ ಬೈಕ್ ಜಾರತಾವು. ಕಸಬರಗಿ ಅಷ್ಟ ಸಾಲೂದಿಲ್ಲ, ಬ್ಲೋವರ್ ಹಚ್ಚಿ ಧೂಳಾ ಊದಸಬೇಕು, ಧೂಳಿನ ಮ್ಯಾಲೆ ಹೊಡದ ಕೋಟ್ ಚಕ್ಕಿ ಚಕ್ಕಿ ಏಳತೈತಿ. ಎರಡನೇ ಕೈ ಆದ ಮ್ಯಾಲೆ 24 ತಾಸು ಯಾರನ್ನೂ ಬಿಡಬ್ಯಾಡ್ರಿ, ಚಳಿ ಇದ್ರ 48 ತಾಸು. ಅರ್ಧ ಜಾಗ ಶನಿವಾರ, ಅರ್ಧ ಮುಂದಿನ ವಾರ ಮಾಡಿದ್ರ ಅಂಗಡಿ ನಡೀತೈತಿ. ಗೆರಿ ಎಳೆಯೂದು ಆಮ್ಯಾಲೆ.

ಪ್ರಶ್ನೆ: ಬೈಕಿನ ಸ್ಟ್ಯಾಂಡ್ ನಿಂತಲ್ಲೆಲ್ಲಾ ಕುಣಿ ಬೀಳತಾವು, ಸೀಲ್ ಕೋಟ್ ಮಾಡ್ಸಿದ್ರ ನಿಲ್ಲತೈತೇನು? (ರಾಣೇಬೆನ್ನೂರು)

ಉತ್ತರ: ಇಲ್ರಿ. ವಿಜಿ-30 ಅನ್ನೂ ದರ್ಜೆಯ ಬಿಟುಮಿನ್ ಮೆತ್ತಗಾಗೂ ಮಟ್ಟ ಕನಿಷ್ಠ 47 ಡಿಗ್ರಿ ಇದ್ರ ಸಾಕು ಅಂತ ನಿಯಮ ಐತಿ, ನಮ್ಮ ಬ್ಯಾಸಗಿ ಮಧ್ಯಾಹ್ನ ಕರೀ ನೆಲ 60 ಡಿಗ್ರಿ ಮುಟ್ಟತೈತಿ, ಬೈಕಿನ ಭಾರ ಎಲ್ಲಾ ಆ ಸಣ್ಣ ಕಬ್ಬಿಣದ ತುದಿ ಮ್ಯಾಲೆ ಬೀಳತೈತಿ. ಬೈಕ್ ಸಾಲಿನ ಉದ್ದಕ್ಕ ಪೇವರ್ ಬ್ಲಾಕ್ ಹಾಕ್ಸ್ರಿ, ಡಾಂಬರಿಗೆ ಕೋಟ್ ಅದರ ಅಂಚಿನ ತನಕ ಮಾಡ್ಸಿ, ಎರಡೂ ಕೂಡೂ ಸಂದಿಗೆ ಬಿಸಿ ಬಿಟುಮಿನ್ ತುಂಬಸ್ರಿ.